ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದರೆ ಕೈ ಇನ್ನು ಸುಧಾರಿಸುವುದಿಲ್ಲವೇ?

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ಆಯ್ತು. ನಡೆಯುತ್ತಾರೆ, ಆದರೆ ಬಲಗೈಯಲ್ಲಿ ಲೋಟ ಹಿಡಿಯಲು ಆಗುವುದಿಲ್ಲ. ಆರು ತಿಂಗಳಲ್ಲಿ ಬಂದಷ್ಟೇ ಬಂತು, ಇನ್ನು ಫಿಸಿಯೋಗೆ ಸುಮ್ನೆ ದುಡ್ಡು ಹಾಕಬೇಡಿ ಎನ್ನುತ್ತಾರೆ. ನಿಜವೇ?

ಉತ್ತರ: ಪೂರ್ತಿ ನಿಜ ಅಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜೋರಾಗಿರುತ್ತದೆ, ಆಮೇಲೆ ನಿಧಾನ ಆಗುತ್ತದೆ. ಅಷ್ಟು ಮಾತ್ರ ಸರಿ. ನಿಧಾನ ಆಗುವುದು ಬೇರೆ, ನಿಂತೇ ಹೋಗುವುದು ಬೇರೆ. ಎಷ್ಟೋ ಮನೆಗಳಲ್ಲಿ ಆರು ತಿಂಗಳಾಗುವ ಹೊತ್ತಿಗೆ ವ್ಯಾಯಾಮವೇ ನಿಂತಿರುತ್ತದೆ. ಎಡಗೈಯಲ್ಲೇ ಎಲ್ಲ ಮಾಡಿಕೊಳ್ಳುವುದು ರೂಢಿಯಾಗುತ್ತದೆ. ಬಳಸದ ಕೈ ಇನ್ನಷ್ಟು ಹಿಂದೆ ಬೀಳುತ್ತದೆ.

ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಕೈಗಾಗಿಯೇ ಒಂದು ಚಿಕಿತ್ಸಾ ಕ್ರಮ ಇದೆ. ಮೂರು ವಾರದಲ್ಲಿ 90 ಗಂಟೆ ಅಭ್ಯಾಸ. 2019ರಲ್ಲಿ ಅಲ್ಲಿನ 224 ರೋಗಿಗಳ ಫಲಿತಾಂಶ ಪ್ರಕಟವಾಯ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ದಾಟಿತ್ತು, ನಿಮ್ಮ ಅಪ್ಪನ ಹಾಗೆಯೇ. ಆದರೂ ಕೈ ಸುಧಾರಿಸಿತು, ಆರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಈ ಅಧ್ಯಯನದಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ, ಅದನ್ನು ನೆನಪಿಡಬೇಕು. ಆದರೆ ಗಂಟೆಗಳ ಲೆಕ್ಕ ಗಮನಿಸಿ. ವಾರಕ್ಕೆರಡು ಸಲ ಅರ್ಧ ಗಂಟೆ ಕೈ ಎತ್ತಿಸಿ ಇಳಿಸಿ ಕಳಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

2021ರಲ್ಲಿ ಬಂದ ಇನ್ನೊಂದು ಪ್ರಯೋಗ ಇನ್ನೂ ಕುತೂಹಲದ್ದು. ಅಮೆರಿಕ ಮತ್ತು ಬ್ರಿಟನ್ನಿನ 108 ಜನ ಅದರಲ್ಲಿದ್ದರು. ಎಲ್ಲರಿಗೂ ರಕ್ತನಾಳ ಕಟ್ಟಿ ಸ್ಟ್ರೋಕ್ ಆಗಿ ಕನಿಷ್ಠ ಒಂಬತ್ತು ತಿಂಗಳು ಕಳೆದಿತ್ತು. ಪೇಸ್‌ಮೇಕರ್ ಇಡುವ ಹಾಗೆ ಎದೆಯ ಚರ್ಮದ ಕೆಳಗೆ ಸಣ್ಣ ಯಂತ್ರ ಇಟ್ಟು, ಅದರ ತಂತಿಯನ್ನು ಕತ್ತಿನ ಎಡಭಾಗದ ವೇಗಸ್ ನರಕ್ಕೆ (ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ನರ) ಜೋಡಿಸಿದರು. ರೋಗಿ ಕೈ ಚಾಚಿ ವಸ್ತು ಹಿಡಿಯುವಾಗ ಥೆರಪಿಸ್ಟ್ ಗುಂಡಿ ಒತ್ತುತ್ತಾರೆ. ಅರ್ಧ ಸೆಕೆಂಡಿನಷ್ಟು ಸಣ್ಣ ವಿದ್ಯುತ್ ನರಕ್ಕೆ ಹೋಗುತ್ತದೆ. ಆ ಚಲನೆಯನ್ನು ಮಿದುಳು ಗಟ್ಟಿಯಾಗಿ ಕಲಿಯಲಿ ಎಂಬುದು ಉದ್ದೇಶ. ಒಂದೊಂದು ಸಲಕ್ಕೆ 300ಕ್ಕಿಂತ ಜಾಸ್ತಿ ಚಲನೆ. ಯಂತ್ರ ಎಲ್ಲರಲ್ಲೂ ಇತ್ತು, ಆದರೆ ಅರ್ಧ ಜನರಿಗೆ ನಿಜವಾದ ಪ್ರಚೋದನೆ ಕೊಡಲಿಲ್ಲ. ಮೂರು ತಿಂಗಳ ನಂತರ ನೋಡಿದಾಗ, ನಿಜವಾದ ಪ್ರಚೋದನೆ ಸಿಕ್ಕವರಲ್ಲಿ 47% ಜನರ ಕೈ ಗಮನಾರ್ಹವಾಗಿ ಸುಧಾರಿಸಿತ್ತು. ಉಳಿದವರಲ್ಲಿ 24%. ಔಷಧ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅದೇ ವರ್ಷ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಿಜವಾದ ಪ್ರಚೋದನೆ ಇಲ್ಲದೆ ಬರೀ ಅಭ್ಯಾಸದಿಂದಲೇ ಕಾಲು ಭಾಗದಷ್ಟು ಜನ ಮುಂದೆ ಹೋದರಲ್ಲ, ನನಗೆ ಅದೂ ಅಷ್ಟೇ ದೊಡ್ಡ ಸುದ್ದಿ.

ಮಾತ್ರೆ ಇಲ್ಲವೇ ಎಂದು ತುಂಬ ಜನ ಕೇಳುತ್ತಾರೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮೇಲೆ ದೊಡ್ಡ ಆಸೆ ಇತ್ತು. ಬ್ರಿಟನ್ನಿನಲ್ಲಿ 3,127 ಜನರ ಮೇಲೆ ಪರೀಕ್ಷಿಸಿದರು. ದಿನನಿತ್ಯದ ಓಡಾಟ, ಕೆಲಸಗಳಲ್ಲಿ ಉಪಯೋಗ ಕಾಣಲಿಲ್ಲ, ಮೂಳೆ ಮುರಿತ ಜಾಸ್ತಿಯಾಯ್ತು. ಸೋತ ಕೈಗೆ ಪಾರಿವಾಳದ ರಕ್ತ ಹಚ್ಚುವುದಂತೂ ದಯವಿಟ್ಟು ಬೇಡ.

ನಮ್ಮ ದೇಶದ ಒಂದು ಅಧ್ಯಯನವೂ ಗೊತ್ತಿರಲಿ. 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಅರ್ಧದಷ್ಟು ಜನರ ಮನೆಯವರಿಗೆ ತರಬೇತಿ ಕೊಟ್ಟು, ವ್ಯಾಯಾಮ ಮಾಡಿಸುವ ಹೊಣೆ ಅವರಿಗೇ ಬಿಟ್ಟರು. 2017ರಲ್ಲಿ ಫಲಿತಾಂಶ ಬಂತು: ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಆಗಲಿಲ್ಲ. ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ. ಸ್ವಲ್ಪ ತರಬೇತಿ ಕೊಟ್ಟು ಎಲ್ಲ ಭಾರ ಅವರ ಮೇಲೆ ಹಾಕಿದರೆ ಸಾಲದು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ತಿಳಿದವರು ಪಕ್ಕದಲ್ಲಿ ಇರಲೇಬೇಕು. ಅದಕ್ಕೇ ಫಿಸಿಯೋ ದುಡ್ಡು ದಂಡ ಎನ್ನುವ ಮಾತಿಗೆ ನನ್ನ ತಕರಾರು.

ಈಗೇನು ಮಾಡಬಹುದು? ಫಿಸಿಯೋ ಅವರನ್ನು ನೇರವಾಗಿ ಕೇಳಿ: ಅಪ್ಪನ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಹಿಂದಕ್ಕೆ ಬಿಚ್ಚುತ್ತವೆಯೇ? ಹೌದಾದರೆ, ಚೆನ್ನಾಗಿರುವ ಕೈಗೆ ಗವಸು ಹಾಕಿ ಸೋತ ಕೈಯಲ್ಲೇ ಕೆಲಸ ಮಾಡಿಸುವ ವಿಧಾನ ಅವರಿಗೆ ಹೊಂದಬಹುದು. ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರಲ್ಲಿ ಅರ್ಧದಷ್ಟು ಜನರಿಗೆ ಎರಡೇ ವಾರ ಹೀಗೆ ಮಾಡಿಸಿ ನೋಡಿದ್ದರು, ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ಬೆರಳು ಅಲುಗದೇ ಇದ್ದರೆ ಇದು ಆಗುವುದಿಲ್ಲ, ಬೇರೆ ದಾರಿ ಹುಡುಕಬೇಕು.

ಅಭ್ಯಾಸಕ್ಕೆ ಅಪ್ಪನಿಗೆ ಬೇಕಾದ ಕೆಲಸವನ್ನೇ ಆರಿಸಿ. ಲೋಟ ಎತ್ತುವುದು, ಚಿಲಕ ತೆಗೆಯುವುದು, ಟವೆಲ್ ಮಡಚುವುದು. ಮೊದಲು ಖಾಲಿ ಲೋಟ, ಆಮೇಲೆ ಕಾಲು ಲೋಟ ತಣ್ಣೀರು. ಚೆಲ್ಲಿದರೆ ಚೆಲ್ಲಲಿ, ನೀವು ಕೈ ಹಾಕಬೇಡಿ. ಏಳಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರಬಹುದು. ಭುಜ ನೋಯುತ್ತಿದ್ದರೆ ಮೊದಲು ಅದನ್ನು ತೋರಿಸಿ. ನೋವಿದ್ದರೆ ಅವರು ಕೈ ಅಲುಗಿಸುವುದೇ ಇಲ್ಲ.