ಎರಡು ತಿಂಗಳ ಶಿಬಿರದಲ್ಲಿ ಕಲ್ಚರ್ ಶಾಕ್ ಆದರೆ ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಜೂನ್‌ನಲ್ಲಿ ಅಮೆರಿಕದ ಮಕ್ಕಳ ಬೇಸಿಗೆ ಶಿಬಿರವೊಂದಕ್ಕೆ ಕೌನ್ಸೆಲರ್ (ಮಕ್ಕಳ ಜೊತೆಗೇ ಇದ್ದು ನೋಡಿಕೊಳ್ಳುವವಳು) ಆಗಿ ಹೊರಟಿದ್ದೇನೆ. ಮನೆ ಬಿಟ್ಟು ಇದ್ದವಳಲ್ಲ, ಸಸ್ಯಾಹಾರಿ ಬೇರೆ. ‘ಕಲ್ಚರ್ ಶಾಕ್ ಆಗುತ್ತದೆ, ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ’ ಎನ್ನುತ್ತಾರೆ ಹೋಗಿಬಂದವರು. ಆದರೆ ಶಿಬಿರ ಇರುವುದೇ ಎರಡು ತಿಂಗಳು!

ಉತ್ತರ: ಬೇಸಿಗೆ ಬಂತೆಂದರೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ತಿಂಗಳುಗಳ ಲೆಕ್ಕದಲ್ಲಿ ನಿಮಗೆ ಮೂಡಿದ ಅನುಮಾನ ಸರಿಯಾಗಿಯೇ ಇದೆ.

ಕಲ್ಚರ್ ಶಾಕ್, ಅಂದರೆ ಪರಊರಿನ ರೀತಿನೀತಿಗೆ ಸಿಕ್ಕಾಗ ಆಗುವ ತಳಮಳ. ಈ ಮಾತಿಗೆ ಪ್ರಚಾರ ಕೊಟ್ಟವರು ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್. 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಅವರು ಅದರ ಹಂತಗಳನ್ನು ವಿವರಿಸಿದ್ದರು: ಮೊದಲು ಎಲ್ಲವೂ ಚೆಂದ, ಆಮೇಲೆ ಕಂಡದ್ದಕ್ಕೆಲ್ಲ ಸಿಡಿಮಿಡಿ, ಕೊನೆಗೆ ನಿಧಾನವಾಗಿ ಹೊಂದಾಣಿಕೆ. ಮರುವರ್ಷ ನಾರ್ವೆಯ ಲೀಸ್‌ಗೋರ್ ಎಂಬ ಸಮಾಜಶಾಸ್ತ್ರಜ್ಞ, ಅಮೆರಿಕದಲ್ಲಿ ಇದ್ದುಬಂದ ತಮ್ಮ ದೇಶದ ವಿದ್ವಾಂಸರನ್ನು ವಿಚಾರಿಸಿ, ಹೆಚ್ಚು ಒದ್ದಾಡಿದವರು 6ರಿಂದ 18 ತಿಂಗಳು ಅಲ್ಲಿದ್ದವರು ಎಂದು ಕಂಡುಕೊಂಡರು. ನೀವು ಹೋಗುವ ಜೆ-1 ವೀಸಾದಲ್ಲಿ (ಅಮೆರಿಕ ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ವೀಸಾ) ಕೌನ್ಸೆಲರ್ ಕೆಲಸಕ್ಕೆ ಗರಿಷ್ಠ ಅವಧಿಯೇ 4 ತಿಂಗಳು. ಆ ಲೆಕ್ಕ ನಂಬುವುದಾದರೆ, ಎಲ್ಲ ಚೆಂದವಾಗಿ ಕಾಣುತ್ತಿರುವಾಗಲೇ ನೀವು ವಿಮಾನ ಹತ್ತಿ ಮನೆಗೆ ಬಂದಿರಬೇಕು.

ಹಾಗಾಗುವುದಿಲ್ಲ. ವಿದ್ವಾಂಸರಿಗೆ ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆಯಿತ್ತು. ನಿಮಗೆ ಇರುವುದು ಅಟ್ಟಣಿಗೆ ಮಂಚಗಳ ಮರದ ಮನೆ, ಅದರ ತುಂಬ ಮಕ್ಕಳು. ಕಬ್ಬನ್ ಪಾರ್ಕಿನ ಬಾಲಭವನದಂಥ ಕಡೆ ನಡೆಯುವ ನಮ್ಮೂರ ಶಿಬಿರಗಳಿಂದ ಮಕ್ಕಳು ಅವತ್ತೇ ಮನೆಗೆ ಹಿಂತಿರುಗುತ್ತಾರೆ. ಅಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಹೀಗಾಗಿ ಒಬರ್ಗ್ ಹೇಳಿದ ಸಿಡಿಮಿಡಿ ಮೊದಲ ವಾರದಲ್ಲೇ ಬಂದು ಕೂರುತ್ತದೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧದಷ್ಟು ನಿದ್ದೆಗೇಡು. ಅಮೆರಿಕದ ಪೂರ್ವ ಕರಾವಳಿಯ ಬೇಸಿಗೆ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಉತ್ತರದ ರಾಜ್ಯಗಳಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ ಸುಮಾರು ಎಂಟೂವರೆಯವರೆಗೂ ಮುಳುಗುವುದಿಲ್ಲ. ಬೆಂಗಳೂರಿನವರಿಗೆ ಏಳರ ಮೇಲೆ ಬಿಸಿಲು ಕಂಡು ಗೊತ್ತಿಲ್ಲ. ಆ ವಾರದಲ್ಲಿ ‘ಈ ಜನರೇ ಸರಿಯಿಲ್ಲ’ ಎನ್ನಿಸಿದರೆ ಆ ತೀರ್ಮಾನವನ್ನು ಮೊದಲ ರಜೆಯ ದಿನದವರೆಗೆ ಮುಂದೂಡಿ. ರಜೆಯ ದಿನ ಉಳಿದವರೆಲ್ಲ ಊರು ಸುತ್ತಲು ಹೊರಟರೂ ಮೊದಲ ಬಾರಿ ನೀವು ಮಲಗಿಬಿಡಿ.

ಇನ್ನು ಮನೆಯ ನೆನಪು. ಮಜವೆಂದರೆ, ಅದಕ್ಕೆ ಮದ್ದು ಕೊಡುವುದೇ ನಿಮ್ಮ ಕೆಲಸ. ಮೊದಲ ರಾತ್ರಿ ಯಾವುದೋ ಮಗು ಅಮ್ಮ ಬೇಕೆಂದು ಅಳುತ್ತದೆ, ಸಮಾಧಾನ ಮಾಡಬೇಕಾದವರು ನೀವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಈ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು. ‘ಬೇಸರವಾದರೆ ಬಂದು ಕರೆದುಕೊಂಡು ಹೋಗುತ್ತೇವೆ’ ಎಂದು ಮಗುವಿಗೆ ಮಾತು ಕೊಡಬೇಡಿ ಎನ್ನುವುದು ಅದು ಪೋಷಕರಿಗೆ ಹೇಳಿದ ಮುಖ್ಯ ಬುದ್ಧಿವಾದ. ಅಂಥ ಮಾತು ಕೊಟ್ಟರೆ ಮಗು ಅದನ್ನೇ ಕಾಯುತ್ತ ಕೂರುತ್ತದೆ. ಹೊರಡುವ ಮುನ್ನವೇ ಮನೆಯಿಂದ ದೂರ ಇದ್ದು ರೂಢಿ ಮಾಡಿಸಿ ಎನ್ನುವುದು ಇನ್ನೊಂದು. ಎರಡೂ ನಿಮಗೆ ಅನ್ವಯಿಸುತ್ತವೆ. ‘ಆಗದಿದ್ದರೆ ಬಂದುಬಿಡು ಮಗಳೇ’ ಎಂದು ಅಪ್ಪ ಅಮ್ಮ ಪ್ರೀತಿಯಿಂದಲೇ ಹೇಳುತ್ತಾರೆ. ಹಾಗೆ ಹೇಳಬೇಡಿ ಎಂದು ಈಗಲೇ ಕೇಳಿಕೊಳ್ಳಿ. ಮೇ ತಿಂಗಳಲ್ಲಿ ಒಂದೆರಡು ವಾರ ಯಾವುದಾದರೂ ಪಿ.ಜಿ.ಯಲ್ಲಿ ಇದ್ದು ನೋಡಿ. ಅಜ್ಜಿಯ ಮನೆ ಲೆಕ್ಕಕ್ಕಿಲ್ಲ.

ಫೋನ್ ಬಗ್ಗೆಯೂ ಯೋಚಿಸಿ. ಪೂರ್ವ ರಾಜ್ಯಗಳಲ್ಲಿ ಮಕ್ಕಳು ಮಲಗುವ ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಬೆಳಗಿನ ಆರೂವರೆ, ಮನೆಯಲ್ಲಿ ಕಾಫಿಯ ಹೊತ್ತು. ಅನುಕೂಲವೆನಿಸಿದರೂ ದಣಿದ ಹೊತ್ತಿನ ಕರೆ ಅಳುವಿನಲ್ಲೇ ಮುಗಿಯುತ್ತದೆ, ಇಲ್ಲಿ ಅಮ್ಮನ ದಿನವೂ ಕೆಡುತ್ತದೆ. ವಾರದ ರಜೆಯಂದು ಬೆಳಿಗ್ಗೆ ಮಾತನಾಡುವುದು ಮೇಲು.

ಊಟಕ್ಕೆ ಬರೋಣ. ಸಸ್ಯಾಹಾರಿ ಎಂದು ಅರ್ಜಿಯಲ್ಲಿ ಬರೆದರೆ ಸಾಲದು. ಮೊಟ್ಟೆ, ಮೀನು, ಮಾಂಸ ಬೇಯಿಸಿದ ನೀರು ಯಾವುದೂ ಬೇಡವಾದರೆ ಅಡುಗೆಮನೆಯವರಿಗೆ ಒಂದೊಂದನ್ನೂ ಬಿಡಿಸಿ ಹೇಳಿ. ಬೆಂಕಿಯ ಸುತ್ತ ಕುಳಿತು ಸುಟ್ಟು ತಿನ್ನುವ ಮೆತ್ತನೆಯ ಸಿಹಿತಿಂಡಿ ಮಾರ್ಷ್‌ಮೆಲ್ಲೊದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಮನೆಯಿಂದ ಒಯ್ಯುವುದರಲ್ಲೂ ಎಚ್ಚರ ಬೇಕು. ಕಡಲೆಕಾಯಿ ಅಲರ್ಜಿಯ ಮಕ್ಕಳಿರುವುದರಿಂದ ಎಷ್ಟೋ ಶಿಬಿರಗಳು ಅದನ್ನು ಒಳಗೇ ಬಿಡುವುದಿಲ್ಲ. ಅಂದರೆ ಶೇಂಗಾ ಚಟ್ನಿಪುಡಿ, ಚಿಕ್ಕಿ, ಕಡಲೆಕಾಯಿ ಹಾಕಿದ ಪುಳಿಯೋಗರೆ ಗೊಜ್ಜು ಎಲ್ಲಕ್ಕೂ ಅಲ್ಲಿ ಪ್ರವೇಶವಿಲ್ಲ. ತಾಜಾ ಕರಿಬೇವನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬರುತ್ತದೆ. ಉಪ್ಪಿನಕಾಯಿ, ಹುರಿಗಡಲೆ ಚಟ್ನಿಪುಡಿ ಒಯ್ಯಿರಿ, ಒಯ್ದದ್ದನ್ನು ಕಸ್ಟಮ್ಸ್‌ನವರಿಗೆ ತಿಳಿಸಿ. ಅದನ್ನು ಮಲಗುವ ಮನೆಯಲ್ಲಿಟ್ಟರೆ ಇಲಿ, ಅಳಿಲು ಮೊದಲು ರುಚಿ ನೋಡುತ್ತವೆ. ಕಾಡಿನ ಕಡೆಯಾದರೆ ಕರಡಿಯೂ ಬಂದೀತು. ಅಡುಗೆಮನೆಯವರ ಕೈಗೇ ಕೊಟ್ಟುಬಿಡಿ.

ಮಕ್ಕಳ ವಿಷಯದಲ್ಲಿ ನಮ್ಮವರು ಎಡವುವುದು ಮುದ್ದಿನಲ್ಲಿ. ಕೆನ್ನೆ ಹಿಂಡುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಅಲ್ಲಿ ನಡೆಯುವುದಿಲ್ಲ. ಮಗುವೊಂದರ ಜೊತೆ ಒಬ್ಬರೇ ಇರಬಾರದು, ಇತರರ ಕಣ್ಣಳತೆಯಲ್ಲಿರಬೇಕು ಎನ್ನುವುದು ಅಲ್ಲಿನ ಶಿಬಿರಗಳ ಸಾಮಾನ್ಯ ನಿಯಮ. ಇದನ್ನು ನಿಮ್ಮ ಮೇಲಿನ ಅಪನಂಬಿಕೆ ಎಂದುಕೊಂಡು ನೊಂದುಕೊಳ್ಳಬೇಡಿ. ಮಕ್ಕಳು ಹೆಸರು ಹಿಡಿದು ಕರೆಯುತ್ತಾರೆ, ಹೇಳಿದ್ದಕ್ಕೆಲ್ಲ ಯಾಕೆ ಎನ್ನುತ್ತಾರೆ. ಎರಡು ದಿನಕ್ಕೆ ಅದು ಅಭ್ಯಾಸವಾಗುತ್ತದೆ.

ಹೊಸ ಊರಿನ ಕಸಿವಿಸಿ ಬೇರೆ, ಅನ್ಯಾಯ ಬೇರೆ. ರಜೆ ಕೊಡದಿರುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ಬಣ್ಣ ಅಥವಾ ಉಚ್ಚಾರಣೆಯನ್ನು ಹಂಗಿಸುವುದು ನೀವು ‘ಹೊಂದಿಕೊಳ್ಳಬೇಕಾದ’ ಸಂಸ್ಕೃತಿಯಲ್ಲ. ಮೊದಲು ಶಿಬಿರದ ಮುಖ್ಯಸ್ಥರಿಗೆ, ಆಗದಿದ್ದರೆ ವೀಸಾದ ಪ್ರಾಯೋಜಕ ಸಂಸ್ಥೆಗೆ ತಿಳಿಸಿ. ಮನಸ್ಸು ತೀರಾ ಕುಗ್ಗಿದರೆ ಅಮೆರಿಕದೊಳಗಿಂದ 988 ಎಂಬ ಮಾನಸಿಕ ನೆರವಿನ ಸಹಾಯವಾಣಿಗೆ ಹಗಲು ರಾತ್ರಿ ಕರೆ ಮಾಡಬಹುದು. ಪ್ರಾಯೋಜಕರ ಹೆಸರು ವೀಸಾಕ್ಕಾಗಿ ಅವರೇ ಕೊಡುವ ಡಿಎಸ್-2019 ಪತ್ರದಲ್ಲಿರುತ್ತದೆ. ಅವರ ತುರ್ತು ಸಂಖ್ಯೆಯನ್ನು ಕೇಳಿ ಪಡೆದು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ, ಏಕೆಂದರೆ ಕೆಲಸದ ಹೊತ್ತಿನಲ್ಲಿ ಮೊಬೈಲ್ ಇಟ್ಟುಕೊಳ್ಳಲು ಹಲವು ಶಿಬಿರಗಳು ಬಿಡುವುದಿಲ್ಲ.