ಕನ್ನಡಕದ ನಂಬರ್ ಮುಗಿದ ಮೇಲೆ ಶುರುವಾಗುವ ಕೆಲಸ

ಚಿಕಿತ್ಸೆ ಮುಗಿದು, ಸರಿಯಾದ ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ (ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದಷ್ಟೇ ಕಾಣುವ ಮಟ್ಟ) ಕಡಿಮೆಯೇ ಉಳಿದರೆ, ಅಥವಾ ನೋಟದ ಹರವು ನಡುಬಿಂದುವಿನಿಂದ 10 ಡಿಗ್ರಿ ದಾಟದಿದ್ದರೆ, ಅದು ಲೋ ವಿಷನ್. ಆದರೂ ಬಳಸಬಹುದಾದ ಒಂದಿಷ್ಟು ದೃಷ್ಟಿ ಉಳಿದಿರುತ್ತದೆ. ಅದರಿಂದ ಕೆಲಸ ತೆಗೆಸುವುದೇ ಈ ವಿಭಾಗದಲ್ಲಿ ದೃಷ್ಟಿ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್‌ನ ವೃತ್ತಿ. ಹತ್ತು ನಿಮಿಷಕ್ಕೊಬ್ಬರನ್ನು ನೋಡಿ ಮುಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮೊದಲು ಕೇಳಬೇಕಾದದ್ದು, ಯಾವ ಕೆಲಸ ನಿಂತುಹೋಗಿದೆ ಎಂದು. ‘ಓದಬೇಕು’ ಎಂಬ ಉತ್ತರ ಸಾಲದು. ಮಾತ್ರೆಯ ಪಟ್ಟಿಯ ಮೇಲಿನ ದಿನಾಂಕಕ್ಕೆ ಒಂದು ಸಾಧನ, ಗಂಟೆಗಟ್ಟಲೆ ಪುಸ್ತಕ ಓದಲು ಇನ್ನೊಂದು, ಕರಿಹಲಗೆಗೆ ಟೆಲಿಸ್ಕೋಪ್.

ದೃಷ್ಟಿಯ ಅಳತೆಗೆ ಸ್ನೆಲೆನ್ ಚಾರ್ಟ್, ಅಂದರೆ ಗೋಡೆಯ ಮೇಲಿನ ಮಾಮೂಲಿ ಅಕ್ಷರಪಟ್ಟಿ, ಬೇಡ. ಅದರ ಮೇಲಿನ ಸಾಲಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಅಕ್ಷರ, ಅದೂ ಎಷ್ಟೋ ಜನರಿಗೆ ಬಾಯಿಪಾಠ. ಲಾಗ್‌ಮಾರ್ ಚಾರ್ಟಿನಲ್ಲಿ ಸಾಲಿಗೆ ಐದು ಅಕ್ಷರ. 4 ಮೀಟರಿನಲ್ಲಿ ಕಾಣದಿದ್ದರೆ 1 ಮೀಟರಿಗೆ ತಂದು ಅಳೆಯಬಹುದು. ನಂಬರ್ ನೋಡಲು ಟ್ರಯಲ್ ಫ್ರೇಮ್, ಅಂದರೆ ಲೆನ್ಸ್ ಬದಲಿಸಿ ಹಾಕುವ ಪರೀಕ್ಷಾ ಕನ್ನಡಕ, ಬೇಕು. ನಡುದೃಷ್ಟಿ ಹೋದವರು ತಲೆ ಓರೆ ಮಾಡಿ ನೋಡುತ್ತಾರೆ, ಮುಖದ ಮುಂದೆ ನಿಲ್ಲಿಸುವ ಲೆನ್ಸ್ ಯಂತ್ರ ಫೋರಾಪ್ಟರ್ ಅದಕ್ಕೆ ಬಿಡುವುದಿಲ್ಲ. 6/60 ಇರುವವರಿಗೆ ನಂಬರಿನಲ್ಲಿ 0.25ರ ವ್ಯತ್ಯಾಸ ಗೊತ್ತೇ ಆಗದು; +1.00, -1.00 ಲೆನ್ಸ್ ಇಟ್ಟು ಕೇಳಬೇಕು. ಫೈಲಿನಲ್ಲಿ ದೊಡ್ಡ ಕಾಯಿಲೆಯ ಹೆಸರಿದ್ದರೆ ನಂಬರ್ ಪರೀಕ್ಷೆಯನ್ನೇ ಬಿಟ್ಟುಬಿಡುವುದುಂಟು. ಅದು ಶುದ್ಧ ಸೋಮಾರಿತನ.

ಓದುವ ಪವರ್‌ಗೆ ಕೆಸ್ಟನ್‌ಬಾಮ್ ಸೂತ್ರ ಆರಂಭದ ಅಂದಾಜು ಕೊಡುತ್ತದೆ: ದೃಷ್ಟಿ 6/60 ಇದ್ದರೆ 60 ಭಾಗಿಸು 6, ಅಂದರೆ 10 ಡಯಾಪ್ಟರ್ (ಲೆನ್ಸಿನ ಪವರ್ ಅಳೆಯುವ ಮಾನ). ಈ ಪವರ್‌ಗೆ ಪುಟ 10 ಸೆಂ.ಮೀ. ದೂರದಲ್ಲಿರಬೇಕು. ಆದರೆ ಇದು ಅಕ್ಷರ ಹೇಗೋ ಗುರುತಿಸುವ ಮಟ್ಟವಷ್ಟೇ. ಸರಾಗವಾಗಿ ಓದಲು ಅಕ್ಷರ ಅದರ ಎರಡು ಪಟ್ಟಾದರೂ ಇರಬೇಕು. ಹಾಗೆಂದು 20 ಡಯಾಪ್ಟರ್ ಕೊಟ್ಟರೆ ಪುಟ 5 ಸೆಂ.ಮೀ.ಗೆ ಬರುತ್ತದೆ, ಒಂದು ಸಲಕ್ಕೆ ಕಾಣುವ ಅಕ್ಷರಗಳು ಕಡಿಮೆಯಾಗುತ್ತವೆ, ತಲೆಯ ನೆರಳು ಪುಟದ ಮೇಲೇ ಬೀಳುತ್ತದೆ. ಹೀಗಾಗಿ ಪವರ್ ಏರಿಸುವ ಮುನ್ನ ಬೆಳಕು ನೋಡಬೇಕು. ಬರಿಯ ಬಲ್ಬನ್ನು 60 ಸೆಂ.ಮೀ.ನಿಂದ 30 ಸೆಂ.ಮೀ.ಗೆ ತಂದರೆ ಪುಟಕ್ಕೆ ಸುಮಾರು ನಾಲ್ಕು ಪಟ್ಟು ಬೆಳಕು. ಅದೂ ಸಾಲದೆ ಹೋದಾಗ ಅಕ್ಷರವನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವ ಎಲೆಕ್ಟ್ರಾನಿಕ್ ಮ್ಯಾಗ್ನಿಫೈಯರ್ ವಾಸಿ.

ಎರಡೂ ಕಣ್ಣಿನಿಂದ ಓದುವವರಿಗೆ ಇಷ್ಟು ಹತ್ತಿರದಲ್ಲಿ ಕಣ್ಣು ಒಳಕ್ಕೆ ತಿರುಗಿಸುವುದು ತ್ರಾಸ. ಅದಕ್ಕೆ ಬೇಸ್-ಇನ್ ಪ್ರಿಸಂ, ಅಂದರೆ ದಪ್ಪ ಅಂಚು ಮೂಗಿನ ಕಡೆಗಿದ್ದು ಬೆಳಕನ್ನು ಬಾಗಿಸುವ ಗಾಜು, ಸೇರಿಸುತ್ತಾರೆ. ಲೆಕ್ಕ ಸುಲಭ: ಪವರ್‌ಗೆ 2 ಕೂಡಿಸಿ, 8 ಡಯಾಪ್ಟರ್‌ಗೆ ಪ್ರತಿ ಕಣ್ಣಿಗೆ 10 ಪ್ರಿಸಂ.

ಸಾಧನ ಬೀರು ಸೇರುವುದಕ್ಕೆ ಕಾರಣ ಬಹುಪಾಲು ದೂರದ ತಪ್ಪು. ಜನ ರೂಢಿಯಂತೆ ಪುಸ್ತಕವನ್ನು ಮಾರುದ್ದ ಹಿಡಿಯುತ್ತಾರೆ, ಎಲ್ಲ ಮಸುಕು, ‘ಗ್ಲಾಸ್ ಸರಿಯಿಲ್ಲ’ ಎಂಬ ದೂರು. ಪುಟವನ್ನು ಮೂಗಿಗೆ ತಾಗಿಸಿ, ಅಕ್ಷರ ತಿಳಿಯಾಗುವವರೆಗೆ ಮೆಲ್ಲಗೆ ದೂರ ಸರಿಸಲು ಕಲಿಸಬೇಕು. ಸ್ಟ್ಯಾಂಡ್ ಮ್ಯಾಗ್ನಿಫೈಯರ್‌ನದು ಬೇರೆ ತಕರಾರು. ಪುಟದ ಮೇಲೆ ಕಾಲೂರಿ ನಿಲ್ಲುವ ಅದರ ಲೆನ್ಸ್ ಸಾಮಾನ್ಯವಾಗಿ ಫೋಕಲ್ ದೂರಕ್ಕಿಂತ (ಲೆನ್ಸ್ ದೂರದ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುವ ದೂರ) ಪುಟಕ್ಕೆ ಹತ್ತಿರದಲ್ಲೇ ಕೂತಿರುವುದರಿಂದ, ವಯಸ್ಸಾದವರು ಓದುವ ಕನ್ನಡಕ ಹಾಕಿಯೇ ನೋಡಬೇಕು. ಕೈಯಲ್ಲಿ ಹಿಡಿಯುವ ಲೆನ್ಸನ್ನು ಫೋಕಲ್ ದೂರದಲ್ಲಿಟ್ಟರೆ ದೂರದ ಕನ್ನಡಕವೇ ಸರಿ.

ಕಣ್ಣಿನ ಹಿಂಪರದೆ (ರೆಟಿನಾ) ಕ್ರಮೇಣ ಸವೆಯುವ ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ನೋಟ ಕೊಳವೆಯಷ್ಟಾದವರಿಗೆ ಹಿಗ್ಗಿಸಿದರೆ ವಸ್ತು ಕಾಣುವ ಹರವಿನಿಂದಲೇ ಹೊರಗೆ ಹೋಗುತ್ತದೆ. ಅವರಿಗೆ ಮುಖ್ಯ ಓಡಾಟದ ತರಬೇತಿ, ಬಿಳಿ ಕೋಲು, ಕಣ್ಣು ಕೋರೈಸುವುದನ್ನು ತಗ್ಗಿಸುವ ಬಣ್ಣದ ಫಿಲ್ಟರ್. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆದವರಿಗೆ ಓರೆನೋಟದ ಅಭ್ಯಾಸ: ಎದುರಿನವರ ಮುಖವನ್ನು ಗಡಿಯಾರವೆಂದುಕೊಂಡು 12, 1, 2 ಎಂದು ಒಂದೊಂದೇ ಅಂಕಿಯ ಕಡೆ ದೃಷ್ಟಿ ಹಾಯಿಸಿದರೆ, ಯಾವುದನ್ನು ನೋಡುವಾಗ ಮೂಗು, ಬಾಯಿ ಹೆಚ್ಚು ಸ್ಪಷ್ಟ ಎಂಬುದು ಸಿಗುತ್ತದೆ.

ಇನ್ನೊಂದನ್ನು ತಾನಾಗಿಯೇ ಕೇಳಬೇಕು: ಇಲ್ಲದ ಜನ, ಹೂವು, ವಿನ್ಯಾಸ ಕಣ್ಣಿಗೆ ಕಾಣುತ್ತವೆಯೇ? ಇದು ಚಾರ್ಲ್ಸ್ ಬಾನೆ ಸಿಂಡ್ರೋಮ್ ಇರಬಹುದು; ದೃಷ್ಟಿ ಕುಂದಿದಾಗ ಮಿದುಳು ತಾನೇ ಕಟ್ಟುವ ಚಿತ್ರಗಳು. ಹುಚ್ಚು ಅಂದುಕೊಂಡಾರೆಂದು ರೋಗಿಗಳು ಬಾಯಿ ಬಿಡುವುದಿಲ್ಲ. ಜೊತೆಗೆ ಧ್ವನಿಯೂ ಕೇಳಿಸುತ್ತಿದೆ ಎಂದರೆ ಮಾತ್ರ ಕಾರಣ ಬೇರೆ ಇರಬಹುದು. ತಡಮಾಡದೆ ವೈದ್ಯರ ಬಳಿ ಕಳಿಸಬೇಕು.