ಕೊಬ್ಬಿನ ಸ್ಟೆಮ್ ಸೆಲ್: ಹೊಟ್ಟೆಯ ಬೊಜ್ಜಿನಿಂದ ಹಾರ್ಟ್ ರಿಪೇರಿ ಆಗುತ್ತಾ?

ಹೊಟ್ಟೆ, ಸೊಂಟದ ಸುತ್ತ ಕೂತಿರುವ ಕೊಬ್ಬಿನಲ್ಲಿ ಬರೀ ಎಣ್ಣೆ ತುಂಬಿದ ಕೋಶಗಳಿರುವುದಿಲ್ಲ. ಅವುಗಳ ನಡುವೆ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಆ ನಾಳಗಳನ್ನು ಅಂಟಿಕೊಂಡು ಇನ್ನೊಂದು ಬಗೆಯ ಕೋಶಗಳಿರುತ್ತವೆ. ಇವು ಇನ್ನೂ ಒಂದೇ ಕೆಲಸಕ್ಕೆ ಅಂತ ಗಟ್ಟಿಯಾಗಿಲ್ಲ. ಲ್ಯಾಬಿನಲ್ಲಿ ತಕ್ಕ ಪೋಷಣೆ ಕೊಟ್ಟರೆ ಕೊಬ್ಬು, ಮೂಳೆ, ಮೆದುಮೂಳೆಯ ಕೋಶಗಳಾಗಿ ಬೆಳೆಯುತ್ತವೆ. ಇವೇ ಕೊಬ್ಬಿನ ಸ್ಟೆಮ್ ಸೆಲ್‌ಗಳು, ಅಂದರೆ ಕಾಂಡಕೋಶಗಳು. 2001ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು ಲಿಪೊಸಕ್ಷನ್ ಮಾಡಿ, ಅಂದರೆ ಕೊಳವೆಯಿಂದ ಹೀರಿ ತೆಗೆದು, ಬಿಸಾಡುವ ಕೊಬ್ಬಿನಲ್ಲೇ ಇವನ್ನು ತೋರಿಸಿಕೊಟ್ಟರು.

ಇದಕ್ಕೂ ಹೃದಯಕ್ಕೂ ಏನು ಸಂಬಂಧ? ಹೃದಯದ ಸ್ನಾಯು ತನ್ನನ್ನು ತಾನು ಸರಿಮಾಡಿಕೊಳ್ಳುವುದು ತೀರಾ ಕಡಿಮೆ. 25ರ ವಯಸ್ಸಿನಲ್ಲೂ ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಕೋಶ ಮಾತ್ರ ಹೊಸದಾಗುತ್ತದೆ. ದೊಡ್ಡ ಹಾರ್ಟ್ ಅಟ್ಯಾಕ್ ಆದರೆ ನೂರು ಕೋಟಿಯಷ್ಟು ಕೋಶಗಳು ಸಾಯಬಹುದು. ಆ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ, ಕಲೆ ಪಂಪ್ ಮಾಡುವುದಿಲ್ಲ. ಸ್ಟೆಂಟ್ ಹಾಕಿದರೆ ನಾಳ ತೆರೆಯುತ್ತದೆ, ಸತ್ತ ಸ್ನಾಯು ಎದ್ದು ಕೂರುವುದಿಲ್ಲ. ಟೂ ಡಿ ಎಕೊ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟಿನಲ್ಲಿ ಇ.ಎಫ್. ಅಂತ ಒಂದು ನಂಬರ್ ಇರುತ್ತದಲ್ಲ, ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ ಅದು. ಅಟ್ಯಾಕ್ ಆದಮೇಲೆ ಆ ನಂಬರ್ ಕೆಳಗೇ ನಿಂತುಬಿಡುವುದು ಇದಕ್ಕೇ.

ಕೋಶ ತೆಗೆಯುವ ರೀತಿ ನೋಡುವಂಥದ್ದು. ಮೊದಲು ಹೊಟ್ಟೆಯ ಚರ್ಮದಡಿ ಮರಗಟ್ಟಿಸುವ ಔಷಧಿ ಬೆರೆಸಿದ ಸಲೈನ್ ಬಿಡುತ್ತಾರೆ. ಕೊಳವೆಯಿಂದ ಕೊಬ್ಬನ್ನು ಎಳೆದಾಗ ಹಳದಿ-ಕೆಂಪು ಗಂಜಿಯಂಥದ್ದು ಬರುತ್ತದೆ. ಅದನ್ನು ತೊಳೆದು, ಕೊಲಾಜನೇಸ್ ಎಂಬ ಕಿಣ್ವ ಸೇರಿಸಿ, 37 ಡಿಗ್ರಿ ಬಿಸಿಯಲ್ಲಿ ಅಲುಗಾಡಿಸುತ್ತಾ ಇಡುತ್ತಾರೆ. ಕೋಶಗಳನ್ನು ಹಿಡಿದಿಟ್ಟ ಜಾಲ ಕರಗುತ್ತದೆ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ, ಮಜ್ಜಿಗೆ ಕಡೆದಾಗ ಬೆಣ್ಣೆ ಬಂದ ಹಾಗೆ ಕೊಬ್ಬು ಮೇಲೆ ತೇಲುತ್ತದೆ. ಇಲ್ಲಿ ಮಾತ್ರ ಬೆಣ್ಣೆ ಬೇಡ. ಟ್ಯೂಬಿನ ತಳದಲ್ಲಿ ಕೆಂಪಗೆ ಒಂದು ಚಿಟಿಕೆ ಉಳಿಯುತ್ತದೆ, ಬೇಕಾದದ್ದು ಅದು. ಅದರಲ್ಲೂ ಎಲ್ಲವೂ ಸ್ಟೆಮ್ ಸೆಲ್ ಅಲ್ಲ, ರಕ್ತದ ಮತ್ತು ನಾಳದ ಕೋಶಗಳೂ ಬೆರೆತಿರುತ್ತವೆ. ಇದನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಹೃದಯದ ರಕ್ತನಾಳಕ್ಕೆ ಬಿಡುತ್ತಾರೆ, ಇಲ್ಲವೇ ನೇರವಾಗಿ ಸ್ನಾಯುವಿಗೇ ಚುಚ್ಚುತ್ತಾರೆ.

ಬ್ಯಾಂಕಿನಿಂದ ರಿಟೈರ್ ಆಗಿ ಡೊಂಬಿವಲಿಯಲ್ಲಿರುವ ನಮ್ಮ ಭಾವನ ಇ.ಎಫ್. 35. ಯಾವುದೋ ಕ್ಲಿನಿಕ್ಕಿನ ವಾಟ್ಸಾಪ್ ಫಾರ್ವರ್ಡ್ ನೋಡಿ ಫೋನ್ ಮಾಡಿದರು. "ನನ್ನ ಹೊಟ್ಟೆಯಲ್ಲಿ ಮಾಲಿಗೇನೂ ಕೊರತೆ ಇಲ್ಲ ಮಾರಾಯ, ತೆಗೆದು ಹಾರ್ಟಿಗೆ ಹಾಕಿಸಿಬಿಡ್ಲಾ?"

ಕೊಬ್ಬಿನ ಕೋಶ ಹೋಗಿ ಹೃದಯದ ಸ್ನಾಯುವೇ ಆಗಿಬಿಡುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿರುವುದು. ಹಾಗೆ ಆಗುವುದಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಕೊಚ್ಚಿಹೋಗುತ್ತವೆ ಅಥವಾ ಸಾಯುತ್ತವೆ. ಇರುವಷ್ಟು ಹೊತ್ತು ಕೆಲವು ಪ್ರೋಟೀನು, ಸಂಕೇತಗಳನ್ನು ಸುತ್ತ ಬಿಡುತ್ತವೆ. ಅದರಿಂದ ಉರಿಯೂತ ಇಳಿಯಬಹುದು, ಹೊಸ ಸಣ್ಣ ರಕ್ತನಾಳ ಮೂಡಬಹುದು, ಸಾಯುವ ಅಂಚಿನಲ್ಲಿರುವ ಸ್ನಾಯು ಉಳಿಯಬಹುದು. ಲಾಭ ಇದ್ದರೆ ಈ ದಾರಿಯಲ್ಲೇ ಇರಬೇಕು ಅನ್ನುವುದು ಈಗಿನ ತಿಳಿವಳಿಕೆ. ಹಾಗಾದರೆ ಕೋಶವೇ ಯಾಕೆ, ಅದು ಬಿಡುವ ರಸ ಮಾತ್ರ ಕೊಟ್ಟರೆ ಸಾಲದೇ ಅಂತ ಕೇಳುವ ವಿಜ್ಞಾನಿಗಳೂ ಇದ್ದಾರೆ. ನನಗಂತೂ ಅದು ಸರಿಯಾದ ಪ್ರಶ್ನೆ ಅನ್ನಿಸುತ್ತದೆ.

ಮನುಷ್ಯರ ಮೇಲಿನ ಮೊದಲ ಪರೀಕ್ಷೆಗಳು ತೀರಾ ಚಿಕ್ಕವು. ಹೊಸದಾಗಿ ಅಟ್ಯಾಕ್ ಆದವರ ಮೇಲೆ ಯುರೋಪಿನಲ್ಲಿ ನಡೆದ 'ಅಪೊಲೊ' ಪರೀಕ್ಷೆಯಲ್ಲಿ ಇದ್ದದ್ದು 14 ಜನ. (ಆಸ್ಪತ್ರೆ ಹೆಸರಲ್ಲ, ಪರೀಕ್ಷೆಯ ಹೆಸರೇ ಹಾಗೆ.) 2012ರಲ್ಲಿ ಬಂದ ಅದರ ಫಲಿತಾಂಶ ಆಸೆ ಹುಟ್ಟಿಸಿತು. ಆಮೇಲೆ ದಾನಿಗಳ ಕೊಬ್ಬಿನಿಂದ ಬೆಳೆಸಿದ ಕೋಶಗಳನ್ನು ಇಟ್ಟುಕೊಂಡು 'ಸೈನ್ಸ್' ಅನ್ನುವ ದೊಡ್ಡ ಪರೀಕ್ಷೆ ಯುರೋಪಿನಲ್ಲೇ ಆಯಿತು. ಅದರಲ್ಲಿ ಹಾರ್ಟ್ ಫೇಲ್ಯೂರ್ ಇದ್ದ 133 ಜನರಿದ್ದರು. ತೊಂದರೆ ಹೆಚ್ಚಲಿಲ್ಲ, ಸರಿ. ಆದರೆ ಕೋಶ ಕೊಟ್ಟವರ ಹೃದಯಕ್ಕೂ ಸುಮ್ನೆ ನೀರಿನಂಥ ಇಂಜೆಕ್ಷನ್ ಕೊಟ್ಟವರ ಹೃದಯಕ್ಕೂ ಹೇಳುವಂಥ ವ್ಯತ್ಯಾಸವೂ ಕಾಣಲಿಲ್ಲ.

'ನಮ್ಮದೇ ಕೊಬ್ಬು, ಅಪಾಯ ಏನಿದೆ' ಅನ್ನುವ ಮಾತನ್ನೂ ಸುಲಭಕ್ಕೆ ನಂಬಬೇಡಿ. 2015ರಲ್ಲಿ ಫ್ಲೋರಿಡಾದ ಒಂದು ಕ್ಲಿನಿಕ್ಕಿನಲ್ಲಿ ಮೂವರು ಮಹಿಳೆಯರು ದುಡ್ಡು ಕೊಟ್ಟು, ತಮ್ಮದೇ ಕೊಬ್ಬಿನ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿಯನ್ನೇ ಕಳೆದುಕೊಂಡರು.

ನಮ್ಮಲ್ಲಿ ನಿಯಮ ಏನಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಮಾಮೂಲಿ ಚಿಕಿತ್ಸೆ ಅನ್ನಿಸಿಕೊಂಡಿರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಕಸಿಯಂಥದ್ದಕ್ಕೆ ಮಾತ್ರ. ದೇಶದಲ್ಲಿ ಆ ಕಸಿ ಮೊದಲು ಶುರುವಾದದ್ದು 1983ರಲ್ಲಿ ನಮ್ಮ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೇ. ಸ್ಟೆಮ್ ಸೆಲ್‌ನ ಉಳಿದ ಬಳಕೆಯೆಲ್ಲ ಇನ್ನೂ ಪ್ರಯೋಗ. ಪ್ರಯೋಗಕ್ಕೆ ಬಂದ ಪೇಷೆಂಟ್ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸ್ಟೆಮ್ ಸೆಲ್ ಸಂಶೋಧನೆ ನಡೆಯುತ್ತದೆ ನಿಜ, ಆದರೆ ಅದು ಲ್ಯಾಬು, ಆಸ್ಪತ್ರೆಯಲ್ಲ.

ಭಾವನಿಗೆ ಹೇಳಿದ್ದು ಇಷ್ಟೇ: ಆ ಕ್ಲಿನಿಕ್ಕಿನವರ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ. ದೇಶದ ಕ್ಲಿನಿಕಲ್ ಟ್ರಯಲ್‌ಗಳೆಲ್ಲ ನೋಂದಣಿಯಾಗುವ ಸರಕಾರಿ ಪಟ್ಟಿ ಅದು, ಯಾರು ಬೇಕಾದರೂ ತೆರೆದು ನೋಡಬಹುದು. ಯಾವ ಆಸ್ಪತ್ರೆ, ಎಷ್ಟು ಜನ, ಎಥಿಕ್ಸ್ ಕಮಿಟಿ ಒಪ್ಪಿದೆಯೇ, ಎಲ್ಲ ಅಲ್ಲಿರುತ್ತದೆ. ಕೇಳಿದ್ದಕ್ಕೆ ಅವರು ಕಳಿಸಿದ್ದು ಮೂರು ಕಂತಿನಲ್ಲಿ ಕಟ್ಟುವ ಪ್ಯಾಕೇಜಿನ ವಿವರ.